ತುಂಗಭದ್ರೆಯನ್ನು ಬಲಗೈಯಲ್ಲಿಟ್ಟುಕೊಂಡು: ಹಂಪಿ–ಆನೆಗೊಂದಿ ಹೊಳೆದಂಡೆಯಲ್ಲಿ ಗೆಳೆಯರೊಂದಿಗೆ ಒಂದು ದಿನದ ನಡಿಗೆ

ಹಂಪಿಗೆ ಹೋದವರೆಲ್ಲ ಗುಡಿ ನೋಡುತ್ತಾರೆ, ಹೊಳೆ ನೋಡುವವರು ಕಡಿಮೆ. ವಿರೂಪಾಕ್ಷ, ಹಜಾರರಾಮ, ಕಮಲ ಮಹಲು, ವಿಠ್ಠಲ ಎಂದು ಆಟೊ ಹತ್ತಿ ಇಳಿಯುವ ಪ್ರವಾಸದಲ್ಲಿ ತುಂಗಭದ್ರೆ ಬಂಡೆಗಳ ಸಂದಿಯಿಂದ ಎರಡು ಮೂರು ಸಲ ಕಂಡು ಮರೆಯಾಗುತ್ತದೆ. ಆದರೆ ಈ ರಾಜಧಾನಿ ಇಲ್ಲಿ ನಿಂತಿದ್ದೇ ಹೊಳೆಯ ಬಲದಿಂದ. ಉತ್ತರದಿಂದ ಬರುವ ದಂಡಿಗೆ ಹೊಳೆಯೇ ಮೊದಲ ಅಡ್ಡಗೋಡೆ, ಗದ್ದೆಗೆ ಅದೇ ನೀರು, ಕೋಟೆಗೆ ಅದರ ದಡದ ಬಂಡೆಯೇ ಕಲ್ಲು. ಅದನ್ನು ಅರಿಯಲು ಒಂದೇ ಉಪಾಯವಿದೆ. ನಾಲ್ಕೈದು ಗೆಳೆಯರನ್ನು ಕೂಡಿಸಿಕೊಂಡು ಒಂದು ಇಡೀ ದಿನ ಹೊಳೆಯ ಎರಡೂ ದಂಡೆಯಲ್ಲಿ ನಡೆಯುವುದು.

ಸುಮಾರು 15 ಕಿಲೋಮೀಟರಿನ ಸುತ್ತು ಇದು. ಪರ್ವತಾರೋಹಣವಲ್ಲ, ವಿಶೇಷ ತರಬೇತಿಯೂ ಬೇಡ. ಊರಿನಲ್ಲಿ ಒಂದೂವರೆ ಗಂಟೆ ನಿಲ್ಲದೆ ನಡೆಯಬಲ್ಲವರು ಇದನ್ನು ನಡೆಯಬಲ್ಲರು. ಆದರೆ ನಡುವೆ ಎರಡು ಸಲ ಹೊಳೆ ದಾಟಬೇಕು, ಮತ್ತು ಈ ನಡಿಗೆಯ ಯೋಜನೆಯೆಲ್ಲ ನಿಂತಿರುವುದು ಆ ಎರಡು ದೋಣಿಗಳ ಮೇಲೆ. ದೂರ ಎಷ್ಟು ಎಂದು ಮೊದಲು ಕೇಳಬೇಡಿ, ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿ.

ದಿಕ್ಕನ್ನು ಮೊದಲು ತೀರ್ಮಾನಿಸಿ

ಸುತ್ತಿನ ದಾರಿ ಹೀಗಿದೆ. ದಕ್ಷಿಣ ದಂಡೆಯಲ್ಲಿ ಹಂಪಿ. ಅದರ ಎದುರಿಗೆ ಉತ್ತರದಲ್ಲಿ ವಿರೂಪಾಪುರಗಡ್ಡೆ. ಅಲ್ಲಿಂದ ಪೂರ್ವಕ್ಕೆ ಅಂಜನಾದ್ರಿ, ಆಮೇಲೆ ಆನೆಗೊಂದಿ. ಆನೆಗೊಂದಿಯ ಎದುರಿಗೆ ದಕ್ಷಿಣ ದಂಡೆಯಲ್ಲಿ ತಳವಾರಘಟ್ಟ. ಅಲ್ಲಿಂದ ಪಶ್ಚಿಮಕ್ಕೆ ವಿಠ್ಠಲ ದೇವಸ್ಥಾನ, ಪುರಂದರ ಮಂಟಪ, ಕೋದಂಡರಾಮ, ಮರಳಿ ಹಂಪಿ.

ಹೆಚ್ಚಿನವರು ಹಂಪಿಯಿಂದ ವಿಠ್ಠಲನ ಕಡೆಗೆ ಹೊರಟು ಕೊನೆಗೆ ವಿರೂಪಾಪುರಗಡ್ಡೆಯಲ್ಲಿ ದೋಣಿ ಹಿಡಿಯುತ್ತಾರೆ. ನಾನು ಹೇಳುವುದು ಅದಕ್ಕೆ ತಿರುಗುಮುರುಗು: ಬೆಳಿಗ್ಗೆ ಹಂಪಿಯಲ್ಲೇ ಹೊಳೆ ದಾಟಿ, ಉತ್ತರ ದಂಡೆಯಲ್ಲಿ ಪೂರ್ವಕ್ಕೆ ನಡೆದು, ಆನೆಗೊಂದಿಯಲ್ಲಿ ಮತ್ತೆ ದಾಟಿ, ದಕ್ಷಿಣ ದಂಡೆಯಲ್ಲಿ ಹಿಂದಿರುಗಿ. ಅಂದರೆ ಪ್ರದಕ್ಷಿಣೆ. ಇದಕ್ಕೆ ಗಟ್ಟಿ ಕಾರಣಗಳಿವೆ.

ದೋಣಿ ಇಲ್ಲವೆಂದಾದರೆ ಅದು ಬೆಳಿಗ್ಗೆ ಏಳಕ್ಕೇ ಗೊತ್ತಾಗಬೇಕು, ಸಂಜೆ ಆರಕ್ಕಲ್ಲ. ಬೆಳಿಗ್ಗೆ ತಿಳಿದರೆ ಯೋಜನೆ ಬದಲಿಸಲು ಇಡೀ ದಿನವಿದೆ. ಸಂಜೆ ತಿಳಿದರೆ, ದಣಿದ ಕಾಲುಗಳೊಂದಿಗೆ ಎದುರು ದಡದಲ್ಲಿ ನಿಂತು ಹಂಪಿಯ ದೀಪ ನೋಡುತ್ತಾ ಆಟೊ ಹುಡುಕಬೇಕು. ಎರಡನೆಯದಾಗಿ, ಅಂಜನಾದ್ರಿಯ 575 ಮೆಟ್ಟಿಲುಗಳನ್ನು ತಂಪು ಹೊತ್ತಿನಲ್ಲೇ ಹತ್ತಿ ಮುಗಿಸಬಹುದು. ಮೂರನೆಯದು, ಎಲ್ಲಕ್ಕಿಂತ ಚೆಲುವಾದ ಕಾಲುದಾರಿ, ವಿಠ್ಠಲನಿಂದ ಹಂಪಿಯವರೆಗಿನದು, ಇಳಿಬಿಸಿಲಿನಲ್ಲಿ ಸಿಗುತ್ತದೆ.

ಇನ್ನೊಂದು ಅನುಕೂಲವಿದೆ. ಈ ದಿಕ್ಕಿನಲ್ಲಿ ಎರಡೂ ದಂಡೆಗಳಲ್ಲಿ ಹೊಳೆ ನಿಮ್ಮ ಬಲಗೈಯ ಕಡೆಗೇ ಇರುತ್ತದೆ. ನರ್ಮದೆಯ ಪರಿಕ್ರಮ ಮಾಡುವವರೂ ನದಿಯನ್ನು ಬಲಕ್ಕೇ ಇಟ್ಟುಕೊಳ್ಳುತ್ತಾರೆ. ಅವರು ನದಿಯನ್ನು ನಡುವೆ ದಾಟುವುದಿಲ್ಲ, ನಾವು ದಾಟುತ್ತೇವೆ, ಅಷ್ಟೇ ವ್ಯತ್ಯಾಸ. ಬಂಡೆಗಳ ನಡುವೆ ದಾರಿ ಕವಲೊಡೆದು ಗೊಂದಲವಾದಾಗ ಹೊಳೆ ಎಡಕ್ಕೆ ಕಂಡಿತೆಂದರೆ ನಿಂತು ಯೋಚಿಸಿ.

ಹೊಳೆ ಒಪ್ಪುವ ತಿಂಗಳು

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂದಿತೆಂದರೆ ಬಂಡೆಗಳು ಹಗಲಿನ ಬಿಸಿಲನ್ನು ಕುಡಿದು ಸಂಜೆಯವರೆಗೆ ಕಾರುತ್ತವೆ, ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಆಗ ಈ ನಡಿಗೆ ಬೇಡವೇ ಬೇಡ.

ಮಳೆಗಾಲದ ಲೆಕ್ಕ ಬೇರೆ. ಇಲ್ಲಿ ಹೊಳೆ ಏರುವುದು ಹಂಪಿಯ ಮೇಲೆ ಸುರಿಯುವ ಮಳೆಯಿಂದಲ್ಲ. ತುಂಗೆ ಮತ್ತು ಭದ್ರೆ ಹುಟ್ಟುವ ಪಶ್ಚಿಮ ಘಟ್ಟದಲ್ಲಿ ಮಳೆಯಾಗಬೇಕು, ಆ ನೀರು ಹೊಸಪೇಟೆಯ ತುಂಗಭದ್ರಾ ಜಲಾಶಯವನ್ನು ತುಂಬಬೇಕು, ಆಮೇಲೆ ಗೇಟು ತೆರೆಯಬೇಕು. ಹಾಗಾಗಿ ಹಂಪಿಯಲ್ಲಿ ಆಕಾಶ ಶುಭ್ರವಾಗಿದ್ದಾಗಲೇ ಹೊಳೆ ದಡ ಮೀರಬಹುದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿರುತ್ತದೆ.

ಹೊರಡುವ ಮೊದಲು ಜಲಾಶಯದ ಹೊರಹರಿವನ್ನು ನೋಡಿ. ಮಳೆಗಾಲದಲ್ಲಿ ಅದು ದಿನಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಅಂಕಿಗಿಂತ ಸುಲಭವಾದ ಗುರುತು ಬೇಕೆಂದರೆ ಹೊಳೆಯಂಚಿನ ಪುರಂದರ ಮಂಟಪವಿದೆ. ‘ಪುರಂದರ ಮಂಟಪ ಮುಳುಗಿತು’ ಎಂಬ ಸುದ್ದಿ ಬಂದರೆ ದಂಡೆಯ ದಾರಿಯೂ ಮುಳುಗಿದೆ, ದೋಣಿಯೂ ನಿಂತಿದೆ ಎಂದೇ ಅರ್ಥ. ಹೊಳೆಯ ಈ ಕಡೆ ವಿಜಯನಗರ ಜಿಲ್ಲೆ, ಆ ಕಡೆ ಕೊಪ್ಪಳ ಜಿಲ್ಲೆ. ನೀರು ಏರಿದಾಗ ಒಂದು ದಡದಲ್ಲಿ ದೋಣಿ ನಿಲ್ಲಿಸಿದರೂ ಸಾಕು, ನಿಮ್ಮ ಸುತ್ತು ತುಂಡಾಗುತ್ತದೆ.

ತಪ್ಪಿಸಬೇಕಾದ ದಿನಗಳೂ ಇವೆ. ಶನಿವಾರ ಅಂಜನಾದ್ರಿಯಲ್ಲಿ ಭಕ್ತರ ಸಾಲು ಉದ್ದ. ಡಿಸೆಂಬರಿನ ಆಸುಪಾಸಿನಲ್ಲಿ ಹನುಮಮಾಲೆ ವಿಸರ್ಜನೆಯ ದಿನ ಬೆಟ್ಟಕ್ಕೆ ಜನಸಾಗರವೇ ಬರುತ್ತದೆ, ಹಂಪಿ ಉತ್ಸವದ ದಿನಗಳಲ್ಲಿ ಈಚೆ ದಡ ತುಂಬುತ್ತದೆ. ಬೇಕೆಂದೇ ಆರಿಸಿಕೊಳ್ಳಬಹುದಾದ ದಿನವೂ ಒಂದಿದೆ. ಪುಷ್ಯ ಬಹುಳ ಅಮಾವಾಸ್ಯೆ, ಪುರಂದರದಾಸರ ಆರಾಧನೆ. ಅಂದು ಹೊಳೆಯಂಚಿನ ಈ ಮಂಟಪದಲ್ಲಿ ದೇವರನಾಮಗಳು ಕೇಳುತ್ತವೆ. ನಡಿಗೆಯನ್ನು ಆ ದಿನಕ್ಕೆ ಹೊಂದಿಸಿಕೊಳ್ಳಲು ಸಾಧ್ಯವಾದರೆ ಖಂಡಿತ ಹೊಂದಿಸಿಕೊಳ್ಳಿ.

ಯಾರನ್ನು ಕರೆಯಬೇಕು

ನಾಲ್ವರಿಂದ ಆರು ಜನ ಸಾಕು. ಮೂವರಿಗಿಂತ ಕಡಿಮೆಯಾದರೆ, ಒಬ್ಬರ ಕಾಲು ಉಳುಕಿದಾಗ ಜೊತೆಗೆ ಕೂರಲು ಒಬ್ಬರು, ಸಹಾಯ ತರಲು ಇನ್ನೊಬ್ಬರು ಇರುವುದಿಲ್ಲ. ಎಂಟು ಮೀರಿದರೆ ಗುಂಪು ತಾನಾಗಿ ಎರಡಾಗುತ್ತದೆ. ಮುಂದಿನವರು ಮರದಡಿ ಕುಳಿತು ಕಾಯುತ್ತಾರೆ, ಹಿಂದಿನವರು ಬಂದು ಮುಟ್ಟುತ್ತಲೇ ಅವರು ಏಳುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗುವುದಿಲ್ಲ.

ಇದಕ್ಕೆ ಪರಿಹಾರ ಸರಳ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ, ಅವರ ಹೆಜ್ಜೆಯೇ ಗುಂಪಿನ ಹೆಜ್ಜೆಯಾಗಲಿ. ದಾರಿ ಚೆನ್ನಾಗಿ ಬಲ್ಲವರು ಕೊನೆಯಲ್ಲಿರಲಿ. ದಾರಿ ಕವಲೊಡೆಯುವಲ್ಲೆಲ್ಲ ಎಲ್ಲರೂ ಸೇರಿದ ಮೇಲೆಯೇ ಮುಂದಕ್ಕೆ. ವಿಶ್ರಾಂತಿಯ ಹೊತ್ತನ್ನು ಕೊನೆಯವರು ಕುಳಿತ ಕ್ಷಣದಿಂದ ಎಣಿಸಿ. ಇಷ್ಟು ಮಾಡಿದರೆ ಯಾರೂ ಯಾರಿಗೂ ಹೊರೆಯಾಗುವುದಿಲ್ಲ.

ಕರೆಯುವ ಮೊದಲು ನಿಜ ಹೇಳಿ. ‘ಸುಮ್ಮನೆ ಹೊಳೆದಂಡೆಯಲ್ಲಿ ಒಂದು ಸುತ್ತು’ ಎಂದು ಮರುಳು ಮಾಡಿ ಕರೆತಂದ ಗೆಳೆಯ ಮಧ್ಯಾಹ್ನದ ಹೊತ್ತಿಗೆ ಮುನಿಯುವುದು ನ್ಯಾಯವೇ. ದೂರ, ಮೆಟ್ಟಿಲು, ಬಿಸಿಲು, ದೋಣಿ ಎಲ್ಲವನ್ನೂ ಮೊದಲೇ ತಿಳಿಸಿ. ಮಂಡಿನೋವಿನವರಿಗೆ ಬೆಟ್ಟ ಬಿಟ್ಟು ಕೆಳಗೆ ಕಾಯುವ ಅವಕಾಶವಿದೆ ಎಂಬುದನ್ನೂ ಹೇಳಿ. ಈಜು ಬಾರದವರು, ನೀರಿಗೆ ಹೆದರುವವರು ಇದ್ದರೆ ಈಗಲೇ ತಿಳಿಯಲಿ, ಹರಿಗೋಲಿನಲ್ಲಿ ಕುಳಿತ ಮೇಲಲ್ಲ.

ಹಿಂದಿನ ದಿನ

ಬೆಂಗಳೂರಿನಿಂದ ಬರುವವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಹೊಸಪೇಟೆ ಮುಟ್ಟಿಸುತ್ತದೆ. ಅಲ್ಲಿಂದ ಹಂಪಿಗೆ 13 ಕಿಲೋಮೀಟರ್, ಬಸ್ಸು ಮತ್ತು ಆಟೊ ಸಿಗುತ್ತವೆ. ಆದರೆ ರೈಲು ಇಳಿದ ದಿನವೇ ನಡೆಯಬೇಡಿ. ಆ ದಿನ ಹಂಪಿಯಲ್ಲೋ ಕಮಲಾಪುರದಲ್ಲೋ ತಂಗಿ, ಗುಡಿಗಳನ್ನು ಸಾವಕಾಶವಾಗಿ ನೋಡಿ. ವಿಠ್ಠಲ ದೇವಸ್ಥಾನದ ಒಳಭಾಗವನ್ನೂ ಅಂದೇ ಮುಗಿಸಿಬಿಡಿ. ನಡಿಗೆಯ ದಿನ ಗುಡಿಗಳ ಒಳಗೆ ಹೊಕ್ಕರೆ ಹೊತ್ತು ಕರಗುವುದು ತಿಳಿಯುವುದೇ ಇಲ್ಲ, ಕೊನೆಯ ಕಾಲುದಾರಿ ಕತ್ತಲೆಗೆ ಸಿಕ್ಕಿಬಿಡುತ್ತದೆ.

ಸಂಜೆ ವಿರೂಪಾಕ್ಷ ದೇವಸ್ಥಾನದ ಬದಿಯಿಂದ ಘಾಟಿಗೆ ಇಳಿದು ದೋಣಿಯವರನ್ನೇ ಕೇಳಿ: ನಾಳೆ ಮೊದಲ ದೋಣಿ ಎಷ್ಟು ಹೊತ್ತಿಗೆ, ಆನೆಗೊಂದಿ ಕಡೆಯ ಹರಿಗೋಲು ನಡೆಯುತ್ತಿದೆಯೇ, ಹೊಳೆ ಹೇಗಿದೆ. ಸಾಮಾನ್ಯವಾಗಿ ದೋಣಿ ಬೆಳಿಗ್ಗೆ ಏಳರ ಆಸುಪಾಸಿಗೆ ಶುರುವಾಗಿ ಸಂಜೆ ಆರರೊಳಗೆ ನಿಲ್ಲುತ್ತದೆ. ಆದರೆ ಹೊಳೆಯ ಮಾತು, ದಿನದಿನಕ್ಕೆ ಬದಲಾಗುತ್ತದೆ. ಮೊಬೈಲಿನಲ್ಲಿ ಈ ಪ್ರದೇಶದ ನಕ್ಷೆಯನ್ನು ಇಳಿಸಿಟ್ಟುಕೊಳ್ಳಿ. ದೋಣಿ, ಎಳನೀರು, ಬಾಳೆಹಣ್ಣಿಗೆ ಚಿಲ್ಲರೆ ಹಣ ಇರಲಿ. ನೀವು ತಂಗಿದ ಮನೆಯವರಿಗೆ ದಾರಿಯನ್ನೂ ಹಿಂದಿರುಗುವ ಹೊತ್ತನ್ನೂ ಹೇಳಿಡಿ.

ಚೀಲ ಮತ್ತು ಬುತ್ತಿ

ನೀರು ತಲೆಗೆ ಮೂರು ಲೀಟರ್. ಆನೆಗೊಂದಿಯಲ್ಲಿ ಮತ್ತೆ ತುಂಬಿಸಿಕೊಳ್ಳಬಹುದು ಎಂದು ಒಂದು ಲೀಟರಿನಲ್ಲಿ ಹೊರಡಬೇಡಿ. ಹೊಳೆಯ ನೀರನ್ನು ಕುಡಿಯುವಂತಿಲ್ಲ. ಟೋಪಿ, ಅಗಲವಾದ ಹತ್ತಿಯ ವಸ್ತ್ರ, ಒಆರ್‌ಎಸ್ ಪೊಟ್ಟಣ, ಬೊಕ್ಕೆಗೆ ಅಂಟಿಸುವ ಪಟ್ಟಿ, ಸುತ್ತುವ ಬ್ಯಾಂಡೇಜು, ಚಿಕ್ಕ ಟಾರ್ಚು, ಕಸ ತುಂಬಿಕೊಳ್ಳಲು ಒಂದು ಚೀಲ. ಮೊಬೈಲು ಮತ್ತು ಹಣಕ್ಕೆ ನೀರು ಹೋಗದ ಕವರು.

ಪಾದರಕ್ಷೆಯ ವಿಷಯದಲ್ಲಿ ರಾಜಿ ಬೇಡ. ಇಲ್ಲಿಯ ಕಲ್ಲು ಸಾವಿರಾರು ಹೆಜ್ಜೆಗಳಿಂದ ನಯವಾಗಿದೆ, ಚರ್ಮದ ಚಪ್ಪಲಿ ಜಾರುತ್ತದೆ. ಕಲ್ಲನ್ನು ಕಚ್ಚಿಹಿಡಿಯುವ ರಬ್ಬರ್ ಅಟ್ಟೆಯ, ಈಗಾಗಲೇ ತೊಟ್ಟು ಪಳಗಿದ ಬೂಟು ಬೇಕು. ಗುಡಿಯ ಬಾಗಿಲಲ್ಲಿ ಬಿಚ್ಚಿ ತೊಡಬೇಕಾಗುವುದರಿಂದ ಲಾಡಿ ಬೇಗ ಕಟ್ಟುವಂತಿರಲಿ. ಒಂದು ಜೊತೆ ಒಣ ಕಾಲುಚೀಲವನ್ನು ಮಧ್ಯಾಹ್ನಕ್ಕೆಂದು ಇಟ್ಟುಕೊಳ್ಳಿ. ಊಟದ ಹೊತ್ತಿಗೆ ಕಾಲು ತೊಳೆದು ಅದನ್ನು ತೊಟ್ಟರೆ ಉಳಿದ ದಾರಿ ಹಗುರವಾಗುತ್ತದೆ.

ಬುತ್ತಿಗೆ ಈ ಸೀಮೆಯ ಊಟಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಒಂದೆರಡು ಈರುಳ್ಳಿ, ಬೆಲ್ಲ. ಬಿಸಿಲಿಗೆ ಕೆಡುವುದಿಲ್ಲ, ಚೀಲದಲ್ಲಿ ತೂಗುವುದಿಲ್ಲ, ಶೇಂಗಾ ಮತ್ತು ಬೆಲ್ಲ ಕಾಲಿಗೆ ಬಲ ಕೊಡುತ್ತವೆ. ಹೊಸಪೇಟೆಯ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡರೆ ಹತ್ತು ಗಂಟೆಯೊಳಗೆ ಮುಗಿಸಿ. ಯಾವ ತಿಂಡಿಯೂ ಕೈಯಲ್ಲಿರಬಾರದು, ಪ್ಲಾಸ್ಟಿಕ್ ಕವರಿನ ಸದ್ದಿಗೇ ಕೋತಿಗಳು ಬರುತ್ತವೆ. ಅಂಜನಾದ್ರಿಯ ಮೆಟ್ಟಿಲುಗಳ ಮೇಲಂತೂ ಅವುಗಳದೇ ರಾಜ್ಯ.

ಮೊದಲ ದೋಣಿಯಿಂದ ಅಂಜನಾದ್ರಿಗೆ

ಆರೂವರೆಗೇ ಘಾಟಿನಲ್ಲಿರಿ. ಡಿಸೆಂಬರಿನಲ್ಲಿ ಸೂರ್ಯ ಮೂಡುವುದೂ ಹೆಚ್ಚುಕಡಿಮೆ ಆಗಲೇ. ದೇವಸ್ಥಾನದ ಆನೆ ಲಕ್ಷ್ಮಿಯನ್ನು ಬೆಳಗಿನ ಹೊತ್ತು ಸ್ನಾನಕ್ಕೆ ಇದೇ ಹೊಳೆಗೆ ಕರೆತರುತ್ತಾರೆ, ಅದು ಸಿಕ್ಕರೆ ದೋಣಿ ಕಾದ ಹೊತ್ತು ಸಾರ್ಥಕ. ದೋಣಿ ಹತ್ತುವಾಗ ಜೀವರಕ್ಷಕ ಜಾಕೆಟ್ ಕೇಳಿ ತೊಟ್ಟುಕೊಳ್ಳಿ. ಜನ ತುಂಬಿದ್ದರೆ ಮುಂದಿನ ದೋಣಿಗೆ ಕಾಯಿರಿ. ಹತ್ತು ನಿಮಿಷದ ಅವಸರಕ್ಕೆ ಹೊಳೆಯ ಜೊತೆ ಪಂಥ ಬೇಡ.

ವಿರೂಪಾಪುರಗಡ್ಡೆಯಲ್ಲಿ ಇಳಿದ ಮೇಲೆ ನದಿ ಬಲಕ್ಕೆ, ಗದ್ದೆ ಎಡಕ್ಕೆ. ಒಂದು ಕಾಲದಲ್ಲಿ ಇಲ್ಲಿ ಸಾಲುಸಾಲು ರೆಸಾರ್ಟುಗಳಿದ್ದವು. ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ 2020ರಲ್ಲಿ ಅವನ್ನು ಕೆಡವಲಾಯಿತು. ಹಾಗಾಗಿ ಹಳೆಯ ಪ್ರವಾಸಕಥನಗಳನ್ನು ನಂಬಿ ಇಲ್ಲಿ ತಿಂಡಿಗೆಂದು ಹಸಿದು ಬರಬೇಡಿ, ಉಪಾಹಾರ ಹೊಟ್ಟೆಯಲ್ಲೇ ಇರಲಿ.

ಇಲ್ಲಿಂದ ಅಂಜನಾದ್ರಿಯ ಬುಡಕ್ಕೆ ಸುಮಾರು ನಾಲ್ಕೈದು ಕಿಲೋಮೀಟರ್. ಒಪ್ಪಿಕೊಳ್ಳಬೇಕಾದ ಮಾತೆಂದರೆ, ಈ ಭಾಗ ಪೂರ್ತಿ ಹೊಳೆಯಂಚಿನ ಕಾಲುದಾರಿಯಲ್ಲ. ಬಂಡೆ ಮತ್ತು ಕಾಲುವೆ ಅಡ್ಡ ಬರುವುದರಿಂದ ಹೆಚ್ಚು ದೂರ ಊರ ರಸ್ತೆಯಲ್ಲೇ ನಡೆಯಬೇಕು. ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಆದರೆ ಬೆಳಗಿನ ಗದ್ದೆ ಇದಕ್ಕೆ ತಕ್ಕ ಪ್ರತಿಫಲ ಕೊಡುತ್ತದೆ. ನಾಟಿಯ ಹಸಿರಿನ ನಡುವೆ ಎದ್ದು ನಿಂತ ಕಂದು ಬಂಡೆಗುಡ್ಡಗಳು, ಬದುವಿನ ಮೇಲೆ ಬೆಳ್ಳಕ್ಕಿ. ಬದುವಿನ ಮೇಲೆ ನಡೆಯುವ ಮೊದಲು ಗದ್ದೆಯವರನ್ನು ಕೇಳಿ, ನಾಟಿ ಆದ ಗದ್ದೆಯ ಬದು ಅವರಿಗೆ ಬೇಲಿಯಿದ್ದಂತೆ.

ಈ ಬಂಡೆಗಳ ಬಗ್ಗೆ ಒಂದು ಮಾತು. ಭೂಕಂಪವಾಗಿ ಬೆಟ್ಟ ಒಡೆದು ಹೀಗೆ ರಾಶಿಯಾಯಿತು ಎಂದು ಹಲವರು ಹೇಳುತ್ತಾರೆ, ಅದು ಸರಿಯಲ್ಲ. ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್, ರಾಮನಗರದ ಬಂಡೆಗಳದೇ ಪಟ್ಟಿ ಉತ್ತರಕ್ಕೆ ಇಲ್ಲಿಯವರೆಗೆ ಹಬ್ಬಿದೆ. ನೆಲದೊಳಗೇ ಬಿರುಕುಗಳ ಗುಂಟ ನೀರು ಇಳಿದು, ಕಲ್ಲಿನ ಅಂಚುಗಳು ಸವೆದು ಉರುಟಾಗಿ, ಮೇಲಿನ ಮಣ್ಣು ಕೊಚ್ಚಿಹೋದಾಗ ಒಂದರ ಮೇಲೊಂದು ಇಟ್ಟಂತೆ ಉಳಿದವು. ಅಂದರೆ ಇವು ಉರುಳಿ ಬಂದವಲ್ಲ, ಇದ್ದಲ್ಲೇ ಹೀಗಾದವು. ಇದನ್ನು ತಿಳಿದು ನೋಡಿದರೆ ಪ್ರತಿ ಬಂಡೆಯಲ್ಲೂ ಪಕ್ಕದ ಬಂಡೆಯಿಂದ ಬೇರ್ಪಟ್ಟ ಗೆರೆಯನ್ನು ಕಣ್ಣು ಹುಡುಕತೊಡಗುತ್ತದೆ.

ಅಂಜನಾದ್ರಿಯನ್ನು ಒಂಬತ್ತರ ಹೊತ್ತಿಗೆ ಮುಟ್ಟಬೇಕು. ಸುಣ್ಣ ಬಳಿದ ಮೆಟ್ಟಿಲುಗಳು. ಹತ್ತಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಓಡಬೇಡಿ, ಐವತ್ತು ಮೆಟ್ಟಿಲಿಗೊಮ್ಮೆ ಉಸಿರು ತೆಗೆದುಕೊಳ್ಳಿ. ಆಂಜನೇಯ ಹುಟ್ಟಿದ ಬೆಟ್ಟವೆಂದು ನಂಬಿ ಬರುವವರ ನಡುವೆ ನೀವು ನಡೆಯುತ್ತಿದ್ದೀರಿ ಎಂಬುದು ಮಾತಿನಲ್ಲೂ ನಡೆಯಲ್ಲೂ ಇರಲಿ. ತುದಿಯಲ್ಲಿ ದರ್ಶನ ಮುಗಿಸಿ ದಕ್ಷಿಣಕ್ಕೆ ತಿರುಗಿ ನಿಂತರೆ ಇಡೀ ದಿನದ ದಾರಿ ಕಾಲಡಿಗೆ ಬಿಚ್ಚಿಕೊಳ್ಳುತ್ತದೆ: ಬಂಡೆಗಳ ನಡುವೆ ಬಳುಕುವ ಹೊಳೆ, ಆಚೆ ಮತಂಗ ಬೆಟ್ಟ, ಅದರ ಪಕ್ಕದಲ್ಲಿ ವಿರೂಪಾಕ್ಷನ ಗೋಪುರ, ಪೂರ್ವಕ್ಕೆ ಆನೆಗೊಂದಿಯ ಮರಗಳು. ಗೆಳೆಯರಿಗೆ ನಕ್ಷೆಯನ್ನು ಇಲ್ಲಿ ತೋರಿಸಿ. ಮೊಬೈಲಿನ ನಕ್ಷೆ ಹೇಳದ್ದನ್ನು ಈ ಎತ್ತರ ಹೇಳುತ್ತದೆ. ಸಂಜೆಗೆ ಎಲ್ಲಿ ಹಿಂದಿರುಗಬೇಕು ಎಂದು ಎಲ್ಲರಿಗೂ ಒಮ್ಮೆಲೇ ಅರ್ಥವಾಗುತ್ತದೆ.

ಆನೆಗೊಂದಿಯಲ್ಲಿ ಮಧ್ಯಾಹ್ನ

ಬೆಟ್ಟ ಇಳಿದು ಆನೆಗೊಂದಿಗೆ ಮತ್ತೆ ಸುಮಾರು ನಾಲ್ಕು ಕಿಲೋಮೀಟರ್. ದಾರಿಯಲ್ಲಿ ಪಂಪಾ ಸರೋವರಕ್ಕೆ ಒಳದಾರಿ ಸಿಗುತ್ತದೆ. ತಾವರೆ ಅರಳಿರುವ ಕಾಲವಾದರೆ ಹೋಗಿ, ಇಲ್ಲವಾದರೆ ನೇರ ನಡೆಯಿರಿ. ಹನ್ನೊಂದೂವರೆಯ ಒಳಗೆ ಊರು ಸೇರಿ, ಎರಡು ಗಂಟೆಯವರೆಗೆ ಅಲ್ಲೇ ಇರಿ. ಬಿಸಿಲಿನ ಈ ಎರಡೂವರೆ ಗಂಟೆ ವಿಶ್ರಾಂತಿಗಾಗಿಯೇ ಬೆಳಿಗ್ಗೆ ಬೇಗ ಹೊರಟದ್ದು.

ವಿಜಯನಗರಕ್ಕಿಂತ ಹಳೆಯ ಊರಿದು, ಜನ ಇಂದಿಗೂ ಬಾಳುತ್ತಿರುವ ಊರು. ಗಗನ ಮಹಲು, ರಂಗನಾಥ ದೇವಸ್ಥಾನ ನಡುಬೀದಿಯಲ್ಲೇ ಇವೆ. ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುವ ಹೆಣ್ಣುಮಕ್ಕಳ ಕೆಲಸ ನೋಡಬಹುದು. ಬಾಳೆ ಕಡಿದ ಮೇಲೆ ತೋಟದಲ್ಲಿ ಕೊಳೆಯುತ್ತಿದ್ದ ದಿಂಡು ಇಲ್ಲಿ ಮನೆಗೆ ಆದಾಯವಾಗಿದೆ. ಕೊಳ್ಳುವುದಿದ್ದರೆ ಇಲ್ಲೇ ಕೊಳ್ಳಿ. ಮನೆಗಳ ಜಗಲಿಯಲ್ಲಿ ಕೂರುವ ಮೊದಲು, ಫೋಟೊ ತೆಗೆಯುವ ಮೊದಲು ಕೇಳಿ. ಕೇಳಿದವರಿಗೆ ಇಲ್ಲಿ ಮಜ್ಜಿಗೆಯೂ ಸಿಗುತ್ತದೆ, ಊರಿನ ಕಥೆಯೂ ಸಿಗುತ್ತದೆ.

ಹೊಳೆಯ ಕಡೆಗೆ ಇಳಿದರೆ ಚಿಂತಾಮಣಿ ದೇವಸ್ಥಾನ ಮತ್ತು ಅರವತ್ತನಾಲ್ಕು ಕಂಬಗಳ ಮಂಟಪ. ಈ ಮಂಟಪವನ್ನು ಕೃಷ್ಣದೇವರಾಯನ ಸಮಾಧಿ ಎಂದು ಊರಿನವರು ನಂಬುತ್ತಾರೆ. ನಡುಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ನವಬೃಂದಾವನವಿದೆ, ವ್ಯಾಸರಾಯರ ಬೃಂದಾವನವೂ ಅಲ್ಲೇ. ಅದಕ್ಕೆ ಬೇರೆ ದೋಣಿ, ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಕು. ಭಕ್ತಿಯಿಂದ ಹೋಗುವವರು ಅದಕ್ಕೆಂದೇ ಇನ್ನೊಂದು ದಿನ ಇಟ್ಟುಕೊಳ್ಳುವುದು ಲೇಸು.

ಹರಿಗೋಲು

ತಳವಾರಘಟ್ಟದ ದಾಟು ಈ ದಿನದ ಹೃದಯ. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ದೋಣಿಗಳನ್ನು ಕಂಡು ಬರೆದಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ ಎಂದು. ಹರಿಗೋಲು ಇಂದಿಗೂ ಅದೇ ಆಕಾರದ್ದು. ಹೊರಮೈಗೆ ಚರ್ಮದ ಬದಲು ಬೇರೆ ಹೊದಿಕೆ ಬಂದಿದೆ. ಇಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆ ದುರಂತದ ನೆನಪು ಎರಡೂ ದಡದ ಜನರಲ್ಲಿ ಇನ್ನೂ ಇದೆ.

ಹರಿಗೋಲಿಗೆ ಒಬ್ಬೊಬ್ಬರಾಗಿ ಹತ್ತಿ, ಅಂಚು ತುಳಿಯದೆ ನಡುವಿಗೆ ಕಾಲಿಟ್ಟು ತಕ್ಷಣ ಕುಳಿತುಕೊಳ್ಳಿ. ಭಾರ ಸುತ್ತಲೂ ಸಮನಾಗಲಿ. ಚೀಲವನ್ನು ಬೆನ್ನಿನಿಂದ ತೆಗೆದು ಮಡಿಲಲ್ಲಿಟ್ಟುಕೊಳ್ಳಿ, ನೀರಿಗೆ ಬಿದ್ದರೆ ಬೆನ್ನಿಗೆ ಕಟ್ಟಿದ ಚೀಲ ಕೆಳಗೆ ಎಳೆಯುತ್ತದೆ. ಮೋಜಿಗೆಂದು ಗಿರಗಿರನೆ ತಿರುಗಿಸುವುದುಂಟು. ಗುಂಪಿನಲ್ಲಿ ಒಬ್ಬರಿಗೆ ಹೆದರಿಕೆಯಿದ್ದರೂ ಬೇಡವೆಂದು ಹೇಳಿಬಿಡಿ.

ಹೊಳೆಯ ನಡುವೆ ಕಣ್ಣು ನೀರಿನಂಚಿನ ಬಂಡೆಗಳ ಮೇಲಿರಲಿ. ಜಲಾಶಯದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ನೀವು ದಿನವಿಡೀ ನಡೆಯುತ್ತಿರುವುದು ಅದರ ಅಂಚಿನಲ್ಲೇ. ನೀರುನಾಯಿ ಕಾಣದಿದ್ದರೂ ಬಂಡೆಯ ಮೇಲೆ ಮೀನಿನ ಹುರುಪೆ, ಏಡಿಯ ಚಿಪ್ಪು ತುಂಬಿದ ಅದರ ಹಿಕ್ಕೆ ಕಾಣಬಹುದು. ಇದೇ ಹೊಳೆಯಲ್ಲಿ ಮೊಸಳೆಗಳೂ ಇವೆ, ಸುಳಿಗಳೂ ಇವೆ. ಆದ್ದರಿಂದ ಈಜು ಬೇಡ. ಎಲ್ಲಿಯೂ, ಎಷ್ಟು ಸೆಕೆಯಾದರೂ ಬೇಡ. ಈಜುಗಾರರೇ ಇಲ್ಲಿ ಹೆಚ್ಚು ಮೋಸಹೋಗಿದ್ದಾರೆ, ಏಕೆಂದರೆ ಮೇಲೆ ಶಾಂತವಾಗಿರುವ ನೀರು ಬಂಡೆಯ ಅಡಿಯಲ್ಲಿ ಎಳೆಯುತ್ತಿರುತ್ತದೆ.

ವಿಠ್ಠಲನಿಂದ ಹಂಪಿಗೆ ಕಾಲುದಾರಿ

ದಡ ಹತ್ತಿದೊಡನೆ ತಳವಾರಘಟ್ಟದ ಕೋಟೆಬಾಗಿಲು. ಆನೆಗೊಂದಿಯ ಕಡೆಯಿಂದ ಹೊಳೆ ದಾಟಿ ರಾಜಧಾನಿಗೆ ಬಂದವರು ಈ ಬಾಗಿಲಿನ ಮೂಲಕವೇ ಒಳಬರುತ್ತಿದ್ದರು. ಅಲ್ಲಿಂದ ವಿಠ್ಠಲನ ಗೋಪುರದವರೆಗೆ ಸುಮಾರು ಎರಡು ಕಿಲೋಮೀಟರ್. ಮೂರೂಕಾಲರ ಹೊತ್ತಿಗೆ ಅಲ್ಲಿರಿ. ಗೋಪುರದ ಎದುರು ಎಳನೀರು ಕುಡಿದು, ಶೌಚಾಲಯಕ್ಕೆ ಹೋಗುವವರು ಹೋಗಿ ಬಂದು, ಐದು ನಿಮಿಷ ಕುಳಿತು ಎದ್ದುಬಿಡಿ.

ಇಲ್ಲಿಂದ ಹಂಪಿಗೆ ಹೊಳೆಯಂಚಿನಲ್ಲಿ ಸುಮಾರು ಎರಡೂವರೆ ಕಿಲೋಮೀಟರ್. ಕಂಪಭೂಪನ ದಾರಿ ಎಂದು ಇದನ್ನು ಕರೆಯುತ್ತಾರೆ. ವಾಹನವಿಲ್ಲ. ಕಲ್ಲು ಹಾಸಿದ, ಬಂಡೆಯನ್ನೇ ಕಡಿದ, ಕೆಲವು ಕಡೆ ಬರೀ ಮಣ್ಣಿನ ಕಾಲುದಾರಿ. ಅರ್ಧ ಗಂಟೆಯಲ್ಲಿ ನಡೆದು ಮುಗಿಸಬಹುದಾದ ಇದಕ್ಕೆ ಒಂದೂವರೆ ಗಂಟೆ ಕೊಡಿ. ಬೆಳಗಿನಿಂದ ಉಳಿಸಿಟ್ಟ ಹೊತ್ತನ್ನೆಲ್ಲ ಇಲ್ಲಿ ಖರ್ಚು ಮಾಡಿ.

ಮೊದಲಿಗೆ ತುಲಾಭಾರದ ಕಂಬಗಳು, ದೊರೆ ತನ್ನ ತೂಕದ ಹೊನ್ನನ್ನು ದಾನ ಕೊಡುತ್ತಿದ್ದ ತಕ್ಕಡಿಯದೆಂಬ ಕಥೆಯಿದೆ. ಬಲಕ್ಕೆ ಇಳಿದರೆ ಹೊಳೆಗೆ ಕಾಲು ಚಾಚಿ ನಿಂತ ಪುರಂದರ ಮಂಟಪ. ಅದರ ಬಳಿಯೇ ನೀರಿನೊಳಗಿಂದ ಎದ್ದ ಕಲ್ಲುಕಂಬಗಳ ಸಾಲು, ವಿಜಯನಗರ ಕಾಲದ ಸೇತುವೆಯ ಅವಶೇಷ. ಮಂಟಪದಲ್ಲಿ ಕುಳಿತು ಗುಂಪಿನಲ್ಲಿ ಹಾಡಬಲ್ಲವರಿದ್ದರೆ ಒಂದು ದೇವರನಾಮ ಹಾಡಿಸಿ. ಪಾಚಿ ಕಟ್ಟಿದ ಕೆಳಗಿನ ಮೆಟ್ಟಿಲಿಗೆ ಮಾತ್ರ ಇಳಿಯಬೇಡಿ.

ಮುಂದೆ ಸುಗ್ರೀವನ ಗುಹೆ. ಎದುರಿನ ಬಂಡೆಯ ಮೇಲಿನ ಗೆರೆಗಳನ್ನು ಸೀತೆಯ ಸೆರಗಿನ ಗುರುತು ಎಂದು ತೋರಿಸುತ್ತಾರೆ. ಎಡಕ್ಕೆ ಅಚ್ಯುತರಾಯ ದೇವಸ್ಥಾನದ ಕಡೆಗೆ ಹಳೆಯ ಪೇಟೆಬೀದಿ ಹೊರಳುತ್ತದೆ. ಕಾಲಲ್ಲಿ ಬಲವೂ ಆಕಾಶದಲ್ಲಿ ಬೆಳಕೂ ಇದ್ದರೆ ಆ ಬೀದಿಯ ತುದಿಯವರೆಗೆ ಹೋಗಿ ಬನ್ನಿ, ಇಲ್ಲಿ ಜನಸಂದಣಿ ಇರುವುದೇ ಇಲ್ಲ. ಹೊಳೆ ಉತ್ತರಕ್ಕೆ ತಿರುಗುವ ಮಡುವೇ ಚಕ್ರತೀರ್ಥ. ಅದರ ದಡದಲ್ಲಿ ಕೋದಂಡರಾಮ. ಒಂದೇ ಬಂಡೆಯಲ್ಲಿ ಕಡೆದ ರಾಮ, ಲಕ್ಷ್ಮಣ, ಸೀತೆ, ಸುಗ್ರೀವ. ಅಲ್ಲಿಂದ ಮೇಲಕ್ಕೆ ವ್ಯಾಸರಾಯರು ಪ್ರತಿಷ್ಠಾಪಿಸಿದ ಯಂತ್ರೋದ್ಧಾರಕ ಆಂಜನೇಯ. ಇವೆರಡೂ ಪೂಜೆ ನಡೆಯುವ ಗುಡಿಗಳು, ಆದ್ದರಿಂದ ಇಲ್ಲಿ ಪಾಳುಕಂಬಗಳ ನಡುವಿನ ಮೌನ ಮುಗಿದು ಗಂಟೆಯ ಸದ್ದು ಶುರುವಾಗುತ್ತದೆ.

ಐದು ಗಂಟೆಗೆ ಹಂಪಿಯ ಬಜಾರು ಸೇರಬೇಕು, ಹೆಚ್ಚೆಂದರೆ ಐದೂವರೆ. ಡಿಸೆಂಬರಿನಲ್ಲಿ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತದೆ. ಕತ್ತಲಾದ ಮೇಲೆ ಈ ದಾರಿ ನಿರ್ಜನ, ಸುತ್ತಲ ಗುಡ್ಡಗಳಲ್ಲಿ ಚಿರತೆ ಮತ್ತು ಕರಡಿಗಳ ಓಡಾಟವಿದೆ. ಸೂರ್ಯಾಸ್ತ ನೋಡಿ ಇಳಿಯುತ್ತೇವೆ ಎಂಬ ಆಸೆಯನ್ನು ಈ ದಾರಿಯಲ್ಲಿ ಇಟ್ಟುಕೊಳ್ಳಬೇಡಿ.

ನಡುವೆ ನಿಲ್ಲಿಸಬೇಕಾದರೆ

ಬೆಳಿಗ್ಗೆ ದೋಣಿಯೇ ಇಲ್ಲವೆಂದರೆ ಹಂಪಿಯಿಂದ ವಿಠ್ಠಲ, ತಳವಾರಘಟ್ಟದವರೆಗೆ ದಕ್ಷಿಣ ದಂಡೆಯಲ್ಲೇ ಹೋಗಿ ಅದೇ ದಾರಿಯಲ್ಲಿ ಬನ್ನಿ. ಸುಮಾರು ಒಂಬತ್ತು ಕಿಲೋಮೀಟರಿನ ಆ ನಡಿಗೆಯೂ ಸಣ್ಣದೇನಲ್ಲ. ಹೊಳೆ ದಂಡೆಯನ್ನೇ ಮೀರಿದ್ದರೆ ಅದೂ ಬೇಡ, ಮತಂಗ ಬೆಟ್ಟದ ಕಡೆಯಿಂದ ಪ್ರವಾಹ ನೋಡಿ ತೃಪ್ತಿಪಡಿ. ಆನೆಗೊಂದಿಯಲ್ಲಿ ಹರಿಗೋಲು ನಿಂತಿದ್ದರೆ ಆಟೊ ಹಿಡಿದು ಕಡೇಬಾಗಿಲು–ಬುಕ್ಕಸಾಗರ ಸೇತುವೆಯ ಮೇಲೆ ದಕ್ಷಿಣಕ್ಕೆ ಬರಬಹುದು. ವಿಠ್ಠಲನಲ್ಲಿ ಯಾರಿಗಾದರೂ ಸಾಕೆನಿಸಿದರೆ ಬ್ಯಾಟರಿ ವಾಹನ ಗೆಜ್ಜಲ ಮಂಟಪದವರೆಗೆ ಕರೆದೊಯ್ಯುತ್ತದೆ, ಅಲ್ಲಿಂದ ಆಟೊ ಸಿಗುತ್ತದೆ.

ತಲೆನೋವು, ವಾಕರಿಕೆ, ಬೆವರು ನಿಂತು ಮೈ ಬಿಸಿಯಾಗುವುದು ಇವು ಬಿಸಿಲಿನ ಆಘಾತದ ಸೂಚನೆಗಳು. ನೆರಳಿಗೆ ಕರೆದೊಯ್ದು, ಬಟ್ಟೆ ಒದ್ದೆ ಮಾಡಿ ಗಾಳಿ ಬೀಸಿ. ಪ್ರಜ್ಞೆ ಸ್ಪಷ್ಟವಾಗಿದ್ದರೆ ಮಾತ್ರ ಒಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ, ತಡಮಾಡದೆ 108ಕ್ಕೆ ಕರೆ ಮಾಡಿ. ದೊಡ್ಡ ಆಸ್ಪತ್ರೆಗಳು ದಕ್ಷಿಣದಲ್ಲಿ ಹೊಸಪೇಟೆ, ಉತ್ತರದಲ್ಲಿ ಗಂಗಾವತಿ. ಯಾವ ದಂಡೆಯಲ್ಲಿದ್ದೀರೋ ಆ ಊರಿಗೇ ಹೋಗಿ, ಆಸ್ಪತ್ರೆಗೆಂದು ಹೊಳೆ ದಾಟಲು ಹೊತ್ತು ಕಳೆಯಬೇಡಿ.

ಹಂಪಿ ಸೇರಿದ ಮೇಲೆ ಬೂಟು ಬಿಚ್ಚಿ ಕಾಲ್ಬೆರಳ ಸಂದಿಗಳನ್ನು ನೋಡಿಕೊಳ್ಳಿ. ಬೊಕ್ಕೆ ಎದ್ದಿದ್ದರೆ ಒಡೆಯಬೇಡಿ, ತೊಳೆದು ಪಟ್ಟಿ ಅಂಟಿಸಿ. ರಾತ್ರಿಯೇ ಹೊರಡುವವರು ಹೊಸಪೇಟೆಯ ಬಸ್ಸು ಎಷ್ಟು ಹೊತ್ತಿಗೆಂದು ಬೆಳಿಗ್ಗೆಯೇ ಕೇಳಿಟ್ಟುಕೊಂಡಿರಬೇಕು. ಆದರೂ ಸಾಧ್ಯವಾದರೆ ಆ ರಾತ್ರಿ ಇಲ್ಲೇ ತಂಗಿ, ಮರುದಿನ ನಿಧಾನವಾಗಿ ಎದ್ದು, ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿರುವ ಹಂಪಿಯ ಮಾದರಿಯ ಮುಂದೆ ನಿಂತು ನೀವು ನಡೆದ ದಾರಿಯನ್ನು ಗೆಳೆಯರೊಂದಿಗೆ ಹುಡುಕಿ.